ಮದ್ದಿನ ಮನೆಯ ಜಯರಾಮು ಬಾಯಿ ಮುಚ್ಚಿದ ದಿನ

ಮಿಡಿಗೇಶಿಯ ಜಯರಾಮು ಸುಮ್ಮನಿದ್ದದ್ದನ್ನು ಕಂಡವರು ಆ ಊರಿನಲ್ಲಿ ಯಾರೂ ಇರಲಿಲ್ಲ. ಅವನು ಉಣ್ಣುವಾಗ ಮಾತಾಡುತ್ತಿದ್ದ. ಕ್ಷೌರಕ್ಕೆ ಕೂತಾಗ ಮಾತಾಡಿ ಕಿವಿ ಕೊಯ್ಯಿಸಿಕೊಂಡಿದ್ದ. ಸಾವಿನ ಮನೆಗೆ ಹೋದರೆ ಸತ್ತವರ ಪರವಾಗಿಯೂ ತಾನೇ ಮಾತಾಡಿ ಬರುತ್ತಿದ್ದ. ಹೆಂಡತಿ ಯಶೋದ ಹೇಳುವ ಪ್ರಕಾರ, ನಿದ್ದೆಯಲ್ಲಿ ಅವನ ಮಾತು ಹಗಲಿಗಿಂತ ಸ್ಪಷ್ಟವಾಗಿರುತ್ತಿತ್ತು; ನಡುವೆ ಯಾರೂ ಬಾಯಿ ಹಾಕುವುದಿಲ್ಲವಲ್ಲ.

ಇಂಥವನ ತಂದೆ ಕ್ಯಾತಪ್ಪ ಎಂದರೆ ನಂಬುವುದು ಕಷ್ಟ. ಕ್ಯಾತಪ್ಪ ಬದುಕಿದ್ದಷ್ಟು ಕಾಲ ಆಡಿದ ಮಾತನ್ನೆಲ್ಲ ಕೂಡಿಸಿದರೂ ಮಗನ ಒಂದು ಬೆಳಗಿನ ಖರ್ಚಿಗೆ ಸಾಲುತ್ತಿರಲಿಲ್ಲ. ಆತ ದನಕರುಗಳಿಗೆ ಗಿಡಮೂಲಿಕೆ ಕೊಡುತ್ತಿದ್ದ. ಹೊಟ್ಟೆ ಉಬ್ಬರಕ್ಕೆ, ಕೆಚ್ಚಲು ಬಾವಿಗೆ, ಮುರಿದ ಕಾಲಿಗೆ, ಹುಳ ಬಿದ್ದ ಗಾಯಕ್ಕೆ ಸುತ್ತಲ ಹಳ್ಳಿಯವರೆಲ್ಲ ಅವನ ಬಾಗಿಲಿಗೆ ಬರುತ್ತಿದ್ದರು. ಹಾಗಾಗಿ ಆ ಮನೆಗೆ ಮದ್ದಿನ ಮನೆ ಎಂದೇ ಹೆಸರು. ಆ ಮನೆಯ ಮದ್ದಿಗೊಂದು ಕಟ್ಟಳೆಯಿತ್ತು. ಬೇರು ನೆಲದಿಂದ ಮೇಲೆದ್ದ ಗಳಿಗೆಯಿಂದ ದನದ ಗಂಟಲಲ್ಲಿ ಇಳಿಯುವವರೆಗೆ, ತಂದವನು ತುಟಿ ಬಿಚ್ಚಬಾರದು. ಒಂದು ಮಾತು ಹೊರಬಿದ್ದರೆ ಬೇರಿನ ಗುಣವೂ ಅದರ ಜೊತೆಗೇ ಹೋಗಿಬಿಡುತ್ತದೆ. ಕೈಯಲ್ಲಿ ಉಳಿಯುವುದು ಬರೀ ಸೌದೆ. ಕ್ಯಾತಪ್ಪನಿಗೆ ಈ ಕಟ್ಟಳೆಯಿಂದ ಯಾವ ತೊಂದರೆಯೂ ಆಗಿರಲಿಲ್ಲ. ಅಂಥದ್ದೊಂದಿದೆ ಎಂಬುದೇ ಅವನಿಗೆ ನೆನಪಿತ್ತೋ ಇಲ್ಲವೋ.

ತಂದೆ ಹೋದ ಮೇಲೆ ಮನೆ, ಹೊಲ, ಹೆಸರು ಮೂರೂ ಜಯರಾಮುವಿಗೆ ಬಂದವು. ತಂದೆಯ ಹಿಂದೆ ಬೆಟ್ಟ ಹತ್ತಿ ಇಳಿದವನಾದ್ದರಿಂದ ಗಿಡಗಳೆಲ್ಲ ಗೊತ್ತಿದ್ದವು. ಕಾಲು ಮುರಿದ ಕುರಿಗೆ ಮಂಗರವಳ್ಳಿ ಅರೆದು ಬಿದಿರು ದಬ್ಬೆ ಕಟ್ಟುತ್ತಿದ್ದ. ಆದರೆ ಬಾಯಿ ಮುಚ್ಚಬೇಕಾದ ದೊಡ್ಡ ಮದ್ದಿನ ತಂಟೆಗೆ ಮಾತ್ರ ಅವನು ಹೋಗಿರಲಿಲ್ಲ. ಊರವರೂ ಕೇಳಿರಲಿಲ್ಲ. ಮದ್ದಿನ ಮನೆ ಎಂಬುದು ಲಗ್ನಪತ್ರಿಕೆಯ ಮೇಲಷ್ಟೇ ಬರುವ ಹೆಸರಾಗಿ ಉಳಿದಿತ್ತು.

ಅಂದು ಬೆಳಿಗ್ಗೆ ಬಸ್ ನಿಲ್ದಾಣದ ಪಕ್ಕದ ಓಬಳೇಶನ ಟೀ ಹೋಟೆಲಿನಲ್ಲಿ ಜಯರಾಮು ಹಾಲಿನ ಡೇರಿಯನ್ನು ಹೇಗೆ ನಡೆಸಬೇಕೆಂದು ಡೇರಿ ನಡೆಸುವವರಿಗೇ ವಿವರಿಸುತ್ತಿದ್ದಾಗ ಫೋನು ಬಂತು. ಮಾಡಿದ್ದು ಕ್ಯಾತಪ್ಪನ ತಂಗಿ, ಸೋದರತ್ತೆ ಚಿಕ್ಕಹನುಮಕ್ಕ. ಕೊರಟಗೆರೆ ದಾಟಿ ಗೊರವನಹಳ್ಳಿ ದಾರಿಯ ಒಂದು ಹಳ್ಳಿಗೆ ಕೊಟ್ಟ ಹೆಣ್ಣುಮಗಳು. ಜಯರಾಮು ತನ್ನ ಅಭ್ಯಾಸದಂತೆ ಸ್ಪೀಕರ್ ಒತ್ತಿದ.

"ಜಯರಾಮ, ಕೆಂಪಿ ಮೇವು ಬುಟ್ಟೈತೆ ಕಣ್ಲಾ. ಮೆಲುಕು ಹಾಕ್ತಿಲ್ಲ. ಎಡಗಡೆ ಹೊಟ್ಟೆ ತಮಟೆ ಆಗೈತೆ. ಡಾಕ್ಟ್ರಮ್ಮ ಬಂದು ಸೂಜಿ ಹಾಕವ್ರೆ, ಸಾಯಂಕಾಲ ಮತ್ತೆ ಬತ್ತೀನಿ ಅಂದವ್ರೆ. ನಂಗೆ ಮನಸ್ಸು ತಡೀತಿಲ್ಲ. ನಮ್ಮಣ್ಣ ಇದ್ದಿದ್ರೆ ಇಷ್ಟೊತ್ತಿಗೆ ಒಂದು ಬೇರು ಹಿಡ್ಕಂಡು ಬಂದಿರೋನು."

ಕೆಂಪಿ ಎಂದರೆ ಕ್ಯಾತಪ್ಪ ತಂಗಿಗೆ ಬಳುವಳಿಯಾಗಿ ಕೊಟ್ಟ ಹಸುವಿನ ವಂಶದ್ದು, ತುಂಬಿದ ಗಬ್ಬ. ಅದು ಮೇಯುವವರೆಗೆ ತಾನೂ ಉಣ್ಣುವುದಿಲ್ಲವೆಂದು ಅತ್ತೆ ಗಂಜಿ ಲೋಟವನ್ನು ಪಕ್ಕಕ್ಕಿಟ್ಟಿದ್ದಳು. ಹೋಟೆಲಿನಲ್ಲಿ ಎಲ್ಲರ ಕಣ್ಣೂ ತನ್ನ ಮೇಲಿರುವುದನ್ನು ಕಂಡ ಜಯರಾಮುವಿನ ಎದೆ ತಾನಾಗಿ ಅಗಲವಾಯಿತು.

"ಅಣ್ಣ ಇಲ್ದಿದ್ರೇನತ್ತೆ, ಅಣ್ಣನ ಮಗ ಇಲ್ವಾ? ಬೇರು ತಗಂಡು ಮಧ್ಯಾಹ್ನದ ಹೊತ್ತಿಗೆ ಬಂದ್ಬುಡ್ತೀನಿ."

ಫೋನು ಇಟ್ಟ ಮೇಲೆ ಓಬಳೇಶ ಟೀ ಸೋಸುತ್ತ ತಲೆಯೆತ್ತದೆ ಕೇಳಿದ. "ಜಯರಾಮಣ್ಣ, ಬೇರೇನೋ ನಿಮ್ಮಪ್ಪಂದು ಸರಿ. ಬಾಯಿ ಯಾರ್ದು ತಗಂಡೋಗ್ತೀಯ?"

"ಅಂದ್ರೆ?"

"ಬೆಟ್ಟದಿಂದ ಕೊರಟಗೆರೆ ಆಚೆ ತನಕ ನೀನು ಮಾತಾಡ್ದಲೆ ಹೋಗ್ತೀಯ ಅಂತ ಗೊತ್ತಾದ್ರೆ, ಆ ಆಶ್ಚರ್ಯಕ್ಕೇ ಹಸ ಎದ್ದು ನಿಂತ್ಕಂಬುಡ್ತದೆ. ಮದ್ದೇ ಬೇಕಾಗಲ್ಲ."

ಹೋಟೆಲಿನವರೆಲ್ಲ ನಕ್ಕರು. ಜಯರಾಮು ಟೀ ಮುಗಿಸಿ, ಹೆಗಲಿನ ಟವಲನ್ನು ಒಮ್ಮೆ ಒದರಿ, "ಮದ್ದಿನ ಮನೆ ಅಂತ ಸುಮ್ನೆ ಹೆಸರಿಕ್ಕಿಲ್ಲ ಕಣ್ಲಾ" ಎಂದು, ಮನೆಯ ಕಡೆ ಹೋಗದೆ ನೇರ ಬೆಟ್ಟದ ಕಡೆ ನಡೆದ. ಯಶೋದಳಿಗೆ ಒಂದು ಮಾತು ಹೇಳಿ ಹೋಗಬೇಕಿತ್ತು. ದೊಡ್ಡ ಕೆಲಸಕ್ಕೆ ಹೊರಟವರು ಸಣ್ಣ ಕೆಲಸ ಮರೆಯುತ್ತಾರೆ.

ಕೋಟೆ ಗೋಡೆಯ ಕೆಳಗೆ, ಬಂಡೆಗಳ ಸಂದಿನಲ್ಲಿ, ತಂದೆ ತೋರಿಸಿದ್ದ ಜಾಗದಲ್ಲೇ ಬಳ್ಳಿ ಇತ್ತು. ಜಯರಾಮು ಕೈಮುಗಿದು, ಇನ್ನು ಮಾತಾಡುವ ಅವಕಾಶ ಸಿಗುವುದಿಲ್ಲವೆಂದು ಬಳ್ಳಿಯ ಹತ್ತಿರವೇ ಸಾಕಷ್ಟು ಮಾತಾಡಿ, ಬೇರು ಕಿತ್ತ. ಮುತ್ತುಗದ ಎಲೆಯಲ್ಲಿ ಸುತ್ತಿ, ಟವಲಿಗೆ ಕಟ್ಟಿ, ಎಡ ಸೊಂಟಕ್ಕೆ ಬಿಗಿದುಕೊಂಡ. ಮೌನ ಶುರುವಾಯಿತು. ಹಕ್ಕಿಗಳ ಸದ್ದು ಕೇಳಿಸಿತು. ಈ ಬೆಟ್ಟದಲ್ಲಿ ಹಕ್ಕಿಗಳಿವೆಯೆಂದು ಅವನಿಗೆ ಅಂದೇ ಗೊತ್ತಾದದ್ದು.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಕೈ ತನ್ನ ಪಾಡಿಗೆ ತಾನು ಗುಂಡಿ ಒತ್ತಿ ಕಿವಿಗೆ ಹಿಡಿಯಿತು.

"ಜಯರಾಮ, ಹೊರಟ್ಯೇನ್ಲಾ?" ಅತ್ತೆ ಕೇಳಿದಳು.

ಜಯರಾಮು ಮೂಗಿನಲ್ಲಿ ಉಸಿರು ಬಿಟ್ಟ.

"ಯಾಕ್ಲಾ? ಮಾತಾಡು. ಲೇ, ಯಾಕಂಗೆ ಬುಸುಗುಟ್ತೀಯ?"

ಹೆದರಿ ಫೋನಿನ ಉಸಿರನ್ನೇ ನಿಲ್ಲಿಸಿ ಜೇಬಿಗೆ ಹಾಕಿಕೊಂಡ. ಅತ್ತೆಗೆ ಕಟ್ಟಳೆ ಗೊತ್ತಿರಲಿಲ್ಲವೆಂದಲ್ಲ. ಅವಳು ಆ ಮನೆಯಲ್ಲೇ ಹುಟ್ಟಿದವಳು. ಆದರೆ ಜಯರಾಮುವನ್ನೂ ಮೌನವನ್ನೂ ಒಟ್ಟಿಗೆ ಇಟ್ಟು ಯೋಚಿಸುವುದು ಅವಳಿಗೂ ಸಾಧ್ಯವಾಗಲಿಲ್ಲ. ಅವಳು ಯಶೋದಳಿಗೆ ಫೋನು ಮಾಡಿದಳು. "ನಿನ್ ಗಂಡ ಫೋನೆತ್ತಿದ. ಮಾತಾಡ್ಲಿಲ್ಲ." ಯಶೋದ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟಳು. ಮದುವೆಯಾದಾಗಿನಿಂದ ಅವಳು ಕೇಳಿದ ಅತ್ಯಂತ ಭಯಂಕರವಾದ ಸುದ್ದಿ ಅದು. ಮಧುಗಿರಿಯಲ್ಲಿ ಆಟೋ ಓಡಿಸುವ ತಮ್ಮ ಪಾಲಾಕ್ಷನಿಗೆ ಫೋನು ಹಚ್ಚಿ, "ನಿಮ್ ಬಾವನ ಬಾಯಿ ಬಿದ್ದೋಗೈತೆ, ಬಸ್ ಸ್ಟ್ಯಾಂಡಲ್ಲಿ ಹಿಡ್ಕಳೋ" ಎಂದು ಅತ್ತಳು.

ಇತ್ತ ಪಾವಗಡದಿಂದ ಬಂದ ಬಸ್ಸಿನಲ್ಲಿ ಕಂಡಕ್ಟರು, "ಎಲ್ಲಿಗೆ?" ಎಂದ. ಜಯರಾಮು ಕೈಯನ್ನು ಮಧುಗಿರಿಯ ದಿಕ್ಕಿಗೆ ಚಾಚಿ, ಎರಡು ಕೈಯನ್ನೂ ಸೇರಿಸಿ ಏಕಶಿಲಾ ಬೆಟ್ಟದ ಆಕಾರ ಮಾಡಿ ತೋರಿಸಿದ.

"ಬೆಟ್ಟಕ್ಕೆ ಸ್ಟಾಪಿಲ್ಲ. ಮಧುಗಿರಿಯಾ?"

ಜಯರಾಮು ತಲೆಯಾಡಿಸಿದ. ಕಂಡಕ್ಟರನ ದನಿ ಮೆತ್ತಗಾಯಿತು. "ಓ. ಪಾಸ್ ಐತಾ? ಅಂಗವಿಕಲರ ಪಾಸ್?"

ಇಲ್ಲವೆಂದು ತಲೆಯಾಡಿಸಿದ.

"ಯಾಕ್ ಮಾಡಿಸ್ಕಂಡಿಲ್ಲ? ತಾಲ್ಲೂಕಾಫೀಸಿಗೆ ಹೋಗಿ ಕೇಳ್ಬೇಕು. ಬಾಯಿ ಇದ್ದೋರ್ಗೇ ಕೆಲ್ಸ ಆಗಲ್ಲ, ಇನ್ನು ನಿಮಗೆ..." ಎಂದು ಕಂಡಕ್ಟರು ಅರ್ಧಕ್ಕೇ ನಿಲ್ಲಿಸಿದ.

ಪಕ್ಕದ ಸೀಟಿನ ಪಾವಗಡದ ಮುದುಕಿ ತೆಲುಗು ಬೆರೆಸಿ ಲೊಚಗುಟ್ಟಿದಳು. "ಪಾಪಂ, ಮೂಗವಾಡು. ಮುಖ ನೋಡಮ್ಮ, ಎಂಥ ಲಕ್ಷಣವಾಗೈತೆ. ಮಾತಿಲ್ದಿರೋದ್ಕೇ ಒಳ್ಳೆ ಮನುಷ್ಯ ಇರ್ಬೇಕು." ಅವಳು ತನ್ನ ಚೀಲದಿಂದ ಬಾಳೆಹಣ್ಣು ತೆಗೆದು ಕೊಟ್ಟಳು. ಜಯರಾಮು ತಿಂದ. ಬಾಯಿಗೆ ಏನಾದರೂ ಕೆಲಸ ಬೇಕಿತ್ತು.

ಮುಂದಿನ ಸೀಟಿನಲ್ಲಿ ಇಬ್ಬರು ಹಸುವಿನ ಕೆಚ್ಚಲು ಬಾವಿಗೆ ಏನು ಮಾಡಬೇಕೆಂದು ಚರ್ಚಿಸುತ್ತ ತಪ್ಪುತಪ್ಪಾಗಿ ಹೇಳುತ್ತಿದ್ದರು. ಲೋಳೆಸರ, ಅರಿಶಿನ, ಸುಣ್ಣ ಎಂದು ಜಯರಾಮುವಿನ ನಾಲಿಗೆಯ ತುದಿಯಲ್ಲಿ ಸಾಲಾಗಿ ಬಂದು ನಿಂತವು. ಅವನು ಸೀಟಿನ ಕಂಬಿಯನ್ನು ಕಚ್ಚಿ ಹಿಡಿದ. ಮನುಷ್ಯ ತನ್ನ ಮನೆತನದ ಮರ್ಯಾದೆಗಾಗಿ ಏನೇನೆಲ್ಲ ನುಂಗಿದ್ದಾನೆಂಬುದಕ್ಕೆ ಚರಿತ್ರೆಯಲ್ಲಿ ದಾಖಲೆಗಳಿವೆ. ಕೆಚ್ಚಲು ಬಾವಿನ ಔಷಧಿಯನ್ನು ನುಂಗಿದವನು ಇವನೊಬ್ಬನೇ.

ಮಧುಗಿರಿಯಲ್ಲಿ ಇಳಿಯುವಷ್ಟರಲ್ಲಿ ಪಾಲಾಕ್ಷ ಕಾದಿದ್ದ.

"ಬಾವ, ಏನಾಯ್ತು ಬಾವ? ನಂಗೆ ಬೈಯಿ. ಒಂದ್ಸಲ ಬೈಯಿ ಸಾಕು."

ಜಯರಾಮು ನಕ್ಕು, ಕೊರಟಗೆರೆ ಬಸ್ಸಿನ ಕಡೆ ಕೈ ತೋರಿಸಿದ. ನಗು ಸೊಟ್ಟಗಿದೆಯೆಂದು ಪಾಲಾಕ್ಷನಿಗೆ ಅನ್ನಿಸಿತು. ಲಕ್ವ ಹೊಡೆದವರನ್ನು ಬೇಗ ಕರೆದೊಯ್ಯಬೇಕೆಂದು ಅವನು ಮೊಬೈಲಿನಲ್ಲಿ ನೋಡಿದ್ದ. ಬಾವನನ್ನು ಎತ್ತಿ ಆಟೋದೊಳಗೆ ಹಾಕಿ ಹತ್ತಿರದ ಕ್ಲಿನಿಕ್ಕಿಗೆ ಒಯ್ದ.

ಅಲ್ಲಿನ ಡಾಕ್ಟರು ನಿಧಾನಸ್ಥರು. ಕೈ ಎತ್ತಿಸಿದರು, ಹುಬ್ಬು ಹಾರಿಸಲು ಹೇಳಿದರು, ನಾಲಿಗೆ ಚಾಚಿಸಿದರು. ಇಡೀ ತಾಲ್ಲೂಕಿನಲ್ಲೇ ಇಷ್ಟು ಗಟ್ಟಿಮುಟ್ಟಾದ ನಾಲಿಗೆಯನ್ನು ನೋಡಿಲ್ಲವೆಂಬಂತೆ ಕನ್ನಡಕ ಸರಿಮಾಡಿಕೊಂಡರು. "ಎಲ್ಲಾ ಸರಿ ಇದೆ. ಮಾತು ಮಾತ್ರ ಇಲ್ಲ. ಬರೆಯೋಕೆ ಬರುತ್ತಾ?" ಎಂದು ಚೀಟಿ, ಪೆನ್ನು ಕೊಟ್ಟರು.

ಬರೆದರೆ ಮೌನ ಕೆಡುತ್ತದೆಯೇ? ಜಯರಾಮು ಪೆನ್ನು ಹಿಡಿದು ಯೋಚಿಸಿದ. ಕ್ಯಾತಪ್ಪನಿಗೆ ಅಕ್ಷರ ಬರುತ್ತಿರಲಿಲ್ಲವಾದ್ದರಿಂದ ಬರೆಯಬಾರದೆಂಬ ಕಟ್ಟಳೆ ಮಾಡುವ ಅಗತ್ಯ ಅವನಿಗೆ ಬಿದ್ದಿರಲಿಲ್ಲ. ಇದೇ ಸಂದಿನಲ್ಲಿ ನುಸುಳಬಹುದೆಂದು ತೀರ್ಮಾನಿಸಿ, 'ಮದ್ದು ತಗೊಂಡು ಅತ್ತೆ ಊರಿಗೆ ಹೋಗಬೇಕು' ಎಂದು ಬರೆಯತೊಡಗಿದ. ಮೊದಲ ಪದ ಮುಗಿಯುತ್ತಲೇ ಪಾಲಾಕ್ಷ ಚೀಟಿ ಕಿತ್ತುಕೊಂಡ.

"ಮದ್ದು."

ನಮ್ಮ ಕಡೆ ಈ ಪದಕ್ಕೆ ಎರಡು ಮುಖ. ದನಕ್ಕೆ ಕೊಟ್ಟರೆ ಅದು ಔಷಧಿ. ಮನುಷ್ಯನಿಗೆ ಹಾಕಿದರೆ, ಆಗದವರು ಊಟದಲ್ಲೋ ಟೀಯಲ್ಲೋ ಗೊತ್ತಾಗದಂತೆ ಬೆರೆಸಿಕೊಟ್ಟ ಕೇಡು. ಅದು ಹೊಟ್ಟೆಯಲ್ಲಿ ಕೂತು ಮನುಷ್ಯನನ್ನು ಒಣಗಿಸುತ್ತದೆಂದು ಜನ ನಂಬುತ್ತಾರೆ. ವಾಂತಿ ಮಾಡಿಸಿ ತೆಗೆಯುವವರೂ ಇದ್ದಾರೆ. ಪಾಲಾಕ್ಷನಿಗೆ ಎರಡನೆಯ ಮುಖವೇ ಮೊದಲು ಕಾಣಿಸಿತು.

"ಮದ್ದಿನ ಮನೆಯೋನಿಗೇ ಮದ್ದಾಕವ್ರೆ ಸಾರ್" ಎಂದು ಅವನು ಕುರ್ಚಿಯಲ್ಲಿ ಕುಸಿದ. ಜಯರಾಮು ಕೈಕಾಲು ಬಡಿದು ಅಲ್ಲವೆಂದ. ಅದು ಮದ್ದಿನ ವಿಕಾರವೆಂದು ಪಾಲಾಕ್ಷ ತಿಳಿದ. "ಮದ್ದು ಅಂತೆಲ್ಲ ಏನೂ ಇಲ್ಲಪ್ಪ" ಎಂದು ಡಾಕ್ಟರು ಹೇಳಿದ್ದು ಯಾರಿಗೂ ಕೇಳಿಸಲಿಲ್ಲ. ಪಾಲಾಕ್ಷ ಆಗಲೇ ಅಕ್ಕನಿಗೂ ಅತ್ತೆಗೂ ಫೋನಿನಲ್ಲಿ ಸುದ್ದಿ ಕೊಡುತ್ತಿದ್ದ.

"ಬೆಳಿಗ್ಗೆ ಎಲ್ಲಿ ಬಾಯಿಗೆ ಹಾಕ್ಕಂಡ?" ಅತ್ತೆ ಕೇಳಿದಳು.

"ಓಬಳೇಶನ ಹೋಟ್ಲಲ್ಲಿ ಟೀ."

"ಅಲ್ಲೇ ಬಿದ್ದೈತೆ. ಅವನ್ನ ಇಲ್ಲಿಗೇ ಕರ್ಕಂಬಾ. ಕಷಾಯ ಕುಡ್ಸಿ ಕಕ್ಕಿಸ್ತೀನಿ."

ಹೀಗೆ ಜಯರಾಮು ಎಲ್ಲಿಗೆ ಹೋಗಬೇಕಿತ್ತೋ ಅಲ್ಲಿಗೇ, ರೋಗಿಯಾಗಿ, ಆಟೋದಲ್ಲಿ ಹೊರಟ. ಪಾಲಾಕ್ಷ ದಾರಿಯುದ್ದಕ್ಕೂ ಕಣ್ಣೊರೆಸಿಕೊಳ್ಳುತ್ತ, ಬಾವನ ಗುಣಗಾನ ಮಾಡುತ್ತ, ನಡುನಡುವೆ ರಸ್ತೆಯ ಗುಂಡಿಯೊಳಗೆ ಆಟೋ ಇಳಿಸುತ್ತಿದ್ದ. ಬದುಕಿರುವಾಗಲೇ ತನ್ನ ಬಗ್ಗೆ ಒಳ್ಳೆಯ ಮಾತು ಕೇಳುವ ಭಾಗ್ಯ ಎಷ್ಟು ಜನಕ್ಕಿದೆ? ಜಯರಾಮು ಟವಲಿನ ಗಂಟನ್ನು ಅವುಚಿಕೊಂಡು ಕೇಳಿಸಿಕೊಂಡ.

ಮಿಡಿಗೇಶಿಯಲ್ಲಿ ಯಶೋದ ಓಬಳೇಶನ ಹೋಟೆಲಿನ ಮುಂದೆ ನಿಂತಿದ್ದಳು.

"ನಮ್ಮನೆಯೋರ್ಗೆ ಟೀಯಲ್ಲಿ ಏನ್ ಹಾಕ್ದೆ?"

"ಸಕ್ಕರೆ ಹಾಕ್ದೆ ಯಶೋದಕ್ಕ."

"ಅವರು ಮಾತು ಬಿಟ್ಟವ್ರೆ."

"ಅದು ಮದ್ದಿಂದಲ್ಲ ಕಣಕ್ಕ. ಹಸಕ್ಕೆ ಬೇರು ತಗಂಡೋಗ್ತಾ ಮೌನ ಹಿಡಿದವ್ನೆ."

ಸತ್ಯ ಹೇಳಿದವನು ಆ ದಿನ ಅವನೊಬ್ಬನೇ. ಅದಕ್ಕೆ ತಕ್ಕ ಮರ್ಯಾದೆಯೂ ಸಿಕ್ಕಿತು. ಕಟ್ಟೆಯ ಮೇಲೆ ಕೂತಿದ್ದವರೆಲ್ಲ ಎದ್ದು ನಿಂತರು. "ಜಯರಾಮ ಮೌನ ಹಿಡಿದವ್ನಾ?" ಒಬ್ಬ ಹಿರಿಯ ಕೇಳಿದ. "ಸುಳ್ಳು ಹೇಳೋದಾದ್ರೆ ನಂಬೋ ಅಂಥದ್ದು ಹೇಳಪ್ಪ."

ಓಬಳೇಶ ಒಲೆ ಆರಿಸಿ, ಬೈಕು ಹೊರತೆಗೆದು, ಯಶೋದಳನ್ನು ಹಿಂದೆ ಕೂರಿಸಿಕೊಂಡು ಹೊರಟ. ತನ್ನ ಟೀಯ ಮಾನ ಉಳಿಸಿಕೊಳ್ಳಲು ಅವನಿಗೆ ಬೇರೆ ದಾರಿ ಇರಲಿಲ್ಲ.

ಚಿಕ್ಕಹನುಮಕ್ಕನ ಅಂಗಳದಲ್ಲಿ ಕೆಂಪಿ ಕತ್ತು ಇಳಿಬಿಟ್ಟು ನಿಂತಿತ್ತು. ಅದರ ಹೊಟ್ಟೆಯ ಎಡಭಾಗ ಚರ್ಮ ಬಿಗಿದ ವಾದ್ಯದಂತಿತ್ತು. ಒಲೆಯ ಮೇಲೆ ಜಯರಾಮುವಿಗಾಗಿ ಏನೋ ಕುದಿಯುತ್ತಿತ್ತು. ವಾಸನೆಯಿಂದಲೇ ಅರ್ಧ ಕೆಲಸ ಮುಗಿಯುವಂತಿತ್ತು. ಅವನು ಆಟೋ ಇಳಿದವನೇ ಕೆಂಪಿಯ ಕಡೆ ಓಡಿದ. ಅತ್ತೆ ಅಡ್ಡ ನಿಂತಳು.

"ಬೇಡ ಕಣ್ಲಾ. ಮದ್ದು ಬಿದ್ದೋನು ಗಬ್ಬದ ಹಸ ಮುಟ್ಬಾರ್ದು. ಮೊದ್ಲು ನಿಂದು ಆಚೆ ಬರ್ಲಿ."

ಅಷ್ಟರಲ್ಲಿ ಬೈಕೂ ಬಂತು. ಗಂಡನನ್ನು ನೋಡಿ ಯಶೋದ, "ಏನಾರ ಅನ್ನಿ, ನನ್ನ ಅಡಿಗೆ ಚೆನ್ನಾಗಿಲ್ಲ ಅನ್ನಿ" ಎಂದು ಗೋಗರೆದಳು. ಆ ಮಾತು ಅವನ ತುಟಿಯವರೆಗೂ ಬಂದು ಹಿಂದಕ್ಕೆ ಹೋಯಿತು. "ಕುಡೀರಿ ಅಂದ್ರೆ ಕುಡಿಯೋರಲ್ಲ ಇವ್ರು" ಎಂದು ಅವಳು ತೀರ್ಮಾನಿಸಿದ ಮೇಲೆ, ಅತ್ತೆ ಗೋಡೆಯ ಸಂದಿನಿಂದ ದನಕ್ಕೆ ಔಷಧಿ ಹೊಯ್ಯುವ ಬಿದಿರಿನ ಗೊಟ್ಟ ಎಳೆದಳು. ಪಾಲಾಕ್ಷ ಒಂದು ತೋಳು ಹಿಡಿದ. ಓಬಳೇಶ, "ನಾನು ಹೇಳೋದು ಒಂಚೂರು ಕೇಳ್ರಮ್ಮ" ಎನ್ನುತ್ತಲೇ, ತಾನು ನಿರಪರಾಧಿಯೆಂದು ತೋರಿಸಲು ಇನ್ನೊಂದು ತೋಳು ಹಿಡಿದ. ಕ್ಯಾತಪ್ಪ ನೂರಾರು ದನಗಳಿಗೆ ಹಿಡಿದ ಗೊಟ್ಟದ ಮುಂದೆ ಅವನ ಮಗ ಕತ್ತು ಎತ್ತಿ ನಿಂತ. ಹಲ್ಲು ಕಚ್ಚಿದ್ದ. ಒಂದೇ ಮಾತು ಆಡಿದ್ದರೆ ಎಲ್ಲ ಮುಗಿಯುತ್ತಿತ್ತು. ಹಾಗೇ ಕೆಂಪಿಯ ಮದ್ದೂ ಮುಗಿಯುತ್ತಿತ್ತು. ಮತ್ತೆ ಬೆಟ್ಟಕ್ಕೆ ಹೋಗಿ ಬರುವಷ್ಟು ಹೊತ್ತು ಆ ಹಸು ಕಾಯುವಂತಿರಲಿಲ್ಲ.

ಎಳೆದಾಟದಲ್ಲಿ ಸೊಂಟದ ಟವಲು ಸಡಿಲಿತು. ಮುತ್ತುಗದ ಎಲೆ ಬಿಚ್ಚಿ, ಮಣ್ಣು ಹತ್ತಿದ ಬೇರು ಅತ್ತೆಯ ಕಾಲ ಬಳಿ ಬಿತ್ತು.

ಅವಳು ಗೊಟ್ಟ ಇಳಿಸಿದಳು. ಬೇರನ್ನು ನೋಡಿದಳು, ಎಲೆ ನೋಡಿದಳು, ಎಡ ಸೊಂಟದಲ್ಲಿ ಇನ್ನೂ ಸಿಕ್ಕಿಕೊಂಡಿದ್ದ ಟವಲಿನ ಗಂಟು ನೋಡಿದಳು. ಅವಳ ಅಣ್ಣ ಹಾಗೆಯೇ ಕಟ್ಟಿಕೊಂಡು ಬರುತ್ತಿದ್ದ.

"ನೀನು ಮಾತಾಡಂಗಿಲ್ವೇನ್ಲಾ?"

ಜಯರಾಮು ತಲೆಯಾಡಿಸಿದ. ಕಣ್ಣಲ್ಲಿ ನೀರಿತ್ತು, ಕಷಾಯದ ಹೊಗೆಗೂ ಇರಬಹುದು.

"ಬೆಟ್ಟದಿಂದ ಇಲ್ಲಿಗಂಟ?"

ಮತ್ತೆ ತಲೆಯಾಡಿಸಿದ.

ಅತ್ತೆ ತಿರುಗಿದಳು. "ಎಲ್ರೂ ಬಾಯಿ ಮುಚ್ಚಿ. ನಮ್ಮಣ್ಣನ ಮಗ ಮದ್ದು ತಂದವ್ನೆ."

"ನಾನು ಹೇಳ್ಲಿಲ್ವಾ..." ಎಂದು ಓಬಳೇಶ ಶುರುಮಾಡಿದ. ಯಶೋದ ಒಂದು ಸಲ ನೋಡಿದಳು. ಅವನು ನುಂಗಿಕೊಂಡ.

ಪಶುವೈದ್ಯೆ ಸ್ನೇಹಲತಾ ಸ್ಕೂಟರಿನಲ್ಲಿ ಬಂದದ್ದು ಆಗಲೇ. ಹಸುವಿನ ಸುತ್ತ ಇಷ್ಟು ಜನ ತುಟಿಪಿಟಿಕ್ಕೆನ್ನದೆ ತಲೆ ತಗ್ಗಿಸಿ ನಿಂತದ್ದನ್ನು ಕಂಡು ಅವರ ಮುಖ ಸಣ್ಣದಾಯಿತು. "ಯಾವಾಗ ಹೋಯ್ತಮ್ಮ?"

"ಹೋಗಿಲ್ಲ. ಮದ್ದು ಕೊಡ್ತಾ ಇದೀವಿ" ಎಂದು ಅತ್ತೆ ಪಿಸುಗುಟ್ಟಿದಳು.

ಸ್ನೇಹಲತಾ ಹಸುವಿನ ಹೊಟ್ಟೆ ತಟ್ಟಿ ನೋಡಿ, ಬೇರನ್ನು ಕೈಗೆ ತೆಗೆದುಕೊಂಡು ಮೂಸಿದರು. "ಈಶ್ವರಿ ಬೇರು. ನಮ್ಮಜ್ಜಿ ಮನೇಲೂ ಕೊಡ್ತಿದ್ರು. ಗಬ್ಬದ ಹಸು, ಹೆಚ್ಚು ಬೇಡ. ಇದ್ರಲ್ಲಿ ಕಿರುಬೆರಳ ಉಗುರಷ್ಟು ಸಾಕು. ಮಿಕ್ಕಿದ್ದು ಶುಂಠಿ, ಮೆಣಸು, ಬೆಳ್ಳುಳ್ಳಿ, ಬೆಲ್ಲ ಹಾಕಿ."

ಬೇರು ಗಂಟಲಿಗೆ ಇಳಿಯುವ ಮೊದಲೇ ಮಾತು ಹೊರಬಿದ್ದಿತ್ತು, ಅದೂ ಬೇರಿನ ಹೆಸರೇ. ಇಡೀ ದಿನದ ತಪಸ್ಸು ಒಂದು ಸರ್ಕಾರಿ ಬಾಯಿಯಿಂದ ನೀರುಪಾಲಾಯಿತೆಂದು ಜಯರಾಮು ಅತ್ತೆಯನ್ನು ನೋಡಿದ. ಆ ಮನೆಯಲ್ಲಿ ಹುಟ್ಟಿದ ಚಿಕ್ಕಹನುಮಕ್ಕ ಅಲ್ಲೇ ನಿಂತು ತೀರ್ಪು ಕೊಟ್ಟಳು.

"ಅಂದಿದ್ದು ಅವ್ರು. ತಂದಿದ್ದು ನೀನು. ಅರೀಲಾ."

ಅವನು ಅರೆದ. ಅಪ್ಪ ಹೇಗೆ ಅರೆಯುತ್ತಿದ್ದನೋ ಹಾಗೆ, ಕಲ್ಲನ್ನು ಸದ್ದಾಗದಂತೆ ಎಳೆದು. ಪಾಲಾಕ್ಷ ಮೂಗುದಾರ ಹಿಡಿದು ಕತ್ತೆತ್ತಿದ. ಡಾಕ್ಟರಮ್ಮ ತಾವೇ ದವಡೆ ಬಿಡಿಸಿದರು. ಜಯರಾಮು ಗೊಟ್ಟವನ್ನು ಬಾಯಿಯ ಬದಿಯಿಂದ ತೂರಿಸಿ, ಶ್ವಾಸಕ್ಕೆ ಹೋಗದಂತೆ ಸ್ವಲ್ಪ ಸ್ವಲ್ಪವೇ ಹೊಯ್ದ. ಕೆಂಪಿ ಗುಟುಕರಿಸಿದ್ದು ಎಲ್ಲರಿಗೂ ಕೇಳಿಸಿತು. ಕಟ್ಟಳೆ ಅಲ್ಲಿಗೆ ತೀರಿತು. ಎಲ್ಲರೂ ಜಯರಾಮುವಿನ ಬಾಯಿ ನೋಡಿದರು. ಅವನೋ ಹಸುವಿನ ಬಾಯಿ ನೋಡುತ್ತಿದ್ದ. ಗಂಟಲಲ್ಲಿ ಇಳಿದರೆ ಸಾಕೋ, ಗುಣವಾಗಬೇಕೋ ಎಂಬುದನ್ನು ಅಪ್ಪ ಬಿಡಿಸಿ ಹೇಳಿರಲಿಲ್ಲ. ಆತ ಏನನ್ನು ತಾನೇ ಬಿಡಿಸಿ ಹೇಳಿದ್ದ? ಜಯರಾಮು ಅಪಾಯಕ್ಕೆ ಕೈಹಾಕದೆ ಗೋದಲಿಗೆ ಒರಗಿ ಕೂತ.

ಬಿಸಿಲು ಹಿತ್ತಿಲಿಗೆ ಸರಿದಾಗ ಕೆಂಪಿ ದೊಡ್ಡದಾಗಿ ತೇಗಿತು. ಪಾಲಾಕ್ಷ ಬೆಚ್ಚಿಬಿದ್ದ. ಆಮೇಲೆ ಸಗಣಿ ಹಾಕಿತು. ಹೊಟ್ಟೆ ಇಳಿಯುತ್ತ ಬಂತು. ಕೊನೆಗೆ ಕತ್ತಿನಲ್ಲಿ ಒಂದು ಉಂಡೆ ಮೇಲಕ್ಕೆ ಹತ್ತಿದ್ದು ಕಂಡಿತು. ದವಡೆ ಒಂದು ಕಡೆಗೆ ಜರುಗಿ ಮೆಲುಕು ಶುರುವಾಯಿತು. ಅತ್ತೆ ಕೂತಲ್ಲೇ ಸೆರಗಿನಿಂದ ಮುಖ ಒರೆಸಿಕೊಂಡು, ಪಕ್ಕಕ್ಕಿಟ್ಟಿದ್ದ ಗಂಜಿ ಎತ್ತಿಕೊಂಡಳು.

"ಇದು ಸೂಜಿಯಿಂದಾನಾ ಬೇರಿಂದಾನಾ ಮೇಡಂ?" ಓಬಳೇಶ ಕೇಳಿದ.

ಸ್ನೇಹಲತಾ ನಕ್ಕರು. "ಕೆಂಪಿ ಯಾರ ಹೆಸ್ರೂ ಹೇಳಲ್ಲ ಬಿಡಿ. ಆದ್ರೆ ಈ ಗಿಡ ಗುರುತು ಹಿಡಿಯೋರು ಈಗ ಸಿಗಲ್ಲ. ಮುಂದಿನ ಸಲ ಶಿಬಿರ ಮಾಡಿದಾಗ ನೀವು ಬರ್ಬೇಕು ಜಯರಾಮಣ್ಣ. ಮದ್ದಿನ ಮನೆಯೋರು ಅಂತಾನೇ ಕರೀತೀನಿ."

ಅಷ್ಟು ಹೊತ್ತಿಗೆ ಸುದ್ದಿ ಹರಡಿ ನೆರೆಹೊರೆಯವರು ಅಂಗಳ ತುಂಬಿದ್ದರು. "ಮಿಡಿಗೇಶಿ ಬೆಟ್ಟದಿಂದ ಒಂದ್ ಮಾತಾಡ್ದಲೆ ತಂದವ್ನೆ. ನಮ್ಮಣ್ಣನ ಮಗ" ಎಂದು ಅತ್ತೆ ಬಂದವರಿಗೆಲ್ಲ ಮುಖ ತೋರಿಸುತ್ತಿದ್ದಳು. ಮೌನಕ್ಕೆ ಭಂಗ ಬಾರದಿರಲೆಂದೇ ತಾನು ಬಾವನನ್ನು ಬಸ್ಸಿನಿಂದ ಬಿಡಿಸಿ ಆಟೋದಲ್ಲಿ ತಂದೆನೆಂದು ಪಾಲಾಕ್ಷ ಹೇಳುತ್ತಿದ್ದ. ತನಗೆ ಮೊದಲೇ ಗೊತ್ತಿತ್ತೆಂದು ಓಬಳೇಶ ಆಣೆ ಮಾಡುತ್ತಿದ್ದ. ಯಶೋದ ಗಂಡನ ಪಕ್ಕ ಬಂದು ಕೂತು, ಅವನ ಟವಲಿಗೆ ಹತ್ತಿದ ಮಣ್ಣನ್ನು ಕೊಡವಿದಳು. ಅವಳ ಮುಖದಲ್ಲಿ ಇದ್ದದ್ದನ್ನು ಊರಿಗೆ ಕೂಗಿ ಹೇಳುವ ಅಗತ್ಯವಿರಲಿಲ್ಲ.

ಜಯರಾಮು ಗಂಟಲು ಸರಿಮಾಡಿಕೊಂಡ. ಬೆಳಗಿನಿಂದ ಕಟ್ಟಿಟ್ಟ ಮಾತೆಲ್ಲ ಬಾಗಿಲಿಗೆ ಬಂದು ನಿಂತಿತ್ತು. "ಅದೇನಾಯ್ತು ಅಂದ್ರೆ..." ಎಂದ.

"ಸುಮ್ಕಿರ್ಲಾ" ಎಂದಳು ಅತ್ತೆ. "ನಿಂಗೆ ಹೇಳಕ್ಕೆ ಬರಲ್ಲ. ನಾನು ಹೇಳ್ತೀನಿ."

ಬೇರೆ ದಿನವಾಗಿದ್ದರೆ ಅವನು ಒಪ್ಪುತ್ತಿರಲಿಲ್ಲ. ತಲೆಯ ಮೇಲೆ ಮೂರು ಕಡೆಯಿಂದ ಅವನದೇ ಕಥೆ ಗದ್ದಲವೆಬ್ಬಿಸುತ್ತಿತ್ತು. ಪಕ್ಕದಲ್ಲಿ ಕೆಂಪಿ ಕಣ್ಣು ಅರೆಮುಚ್ಚಿ ನಿಧಾನವಾಗಿ ಮೆಲುಕು ಹಾಕುತ್ತಿತ್ತು. ಆ ಸದ್ದಿಗೆ ಅಡ್ಡ ಬಾಯಿ ಹಾಕಬೇಕೆಂದು ಜಯರಾಮುವಿಗೆ ಅನ್ನಿಸಲಿಲ್ಲ.